ಕಾರಣ ಹೋದರೂ ಪರಿಣಾಮ ಹೋಗದಿದ್ದರೆ: ಅರ್ಥವ್ಯವಸ್ಥೆಯಲ್ಲಿ ಹಿಸ್ಟರಿಸಿಸ್

ಹಿಂಜರಿತ ಮುಗಿಯಿತು ಎಂಬ ಸುದ್ದಿ ಬಂದಾಗ ಮುಗಿದಿರುವುದು ಒಂದೇ: ಜಿಡಿಪಿ ಇಳಿಯುವುದು ನಿಂತಿದೆ. ಕಳೆದುಕೊಂಡಿದ್ದು ವಾಪಸ್ ಸಿಕ್ಕಿತೇ ಎಂಬುದು ಬೇರೆಯದೇ ಪ್ರಶ್ನೆ. ಒಂದು ಸಣ್ಣ ಲೆಕ್ಕ ಹಾಕೋಣ. 100 ಗಾತ್ರದ ಅರ್ಥವ್ಯವಸ್ಥೆ ವರ್ಷಕ್ಕೆ ಶೇ 2ರಂತೆ ಬೆಳೆಯುತ್ತಿದೆ. ಒಂದು ವರ್ಷ ಅದು 102 ಆಗುವ ಬದಲು 95ಕ್ಕೆ ಕುಸಿಯುತ್ತದೆ. ಮರುವರ್ಷದಿಂದ ಮತ್ತೆ ಅದೇ ಶೇ 2. ಲೆಕ್ಕದ ಪುಸ್ತಕದಲ್ಲಿ ಇದು ಒಂದೇ ವರ್ಷದ ಹಿಂಜರಿತ. ಆದರೆ ಹತ್ತನೇ ವರ್ಷದ ಕೊನೆಗೆ ಅದು 113.5ರಲ್ಲಿರುತ್ತದೆ, ಪೆಟ್ಟು ಬೀಳದಿದ್ದರೆ 121.9 ಮುಟ್ಟಿರುತ್ತಿತ್ತು. ಅಂದರೆ ಶೇ 7ರ ಆಸುಪಾಸು ಕೊರತೆ, ಅದೂ ಪ್ರತಿ ವರ್ಷ. ಈ ಹಳ್ಳ ತುಂಬಬೇಕಾದರೆ ಕೆಲವು ವರ್ಷ ಶೇ 2ಕ್ಕಿಂತ ಜೋರಾಗಿ ಬೆಳೆಯಲೇಬೇಕು. ಬರೀ ಹಳೆಯ ವೇಗಕ್ಕೆ ಮರಳಿದರೆ ಸಾಲದು.

ಪಠ್ಯಪುಸ್ತಕದ ಅರ್ಥಶಾಸ್ತ್ರ ಆ ಜೋರಿನ ಬೆಳವಣಿಗೆ ತಾನಾಗಿಯೇ ಬರುತ್ತದೆ ಎಂದು ನಂಬಿಕೊಂಡಿತ್ತು. ಅದರ ಚಿತ್ರದಲ್ಲಿ ಎರಡು ಪ್ರತ್ಯೇಕ ಲೋಕಗಳಿವೆ. ಒಂದು ಕಡೆ ದುಡಿಯುವ ಜನ, ಯಂತ್ರ, ತಂತ್ರಜ್ಞಾನ ಸೇರಿ ನಿರ್ಧರಿಸುವ ದೀರ್ಘಾವಧಿಯ ಪಥ. ಇನ್ನೊಂದು ಕಡೆ ಬೇಡಿಕೆಯ ಏರಿಳಿತದಿಂದ ಆ ಪಥದ ಸುತ್ತ ಏಳುವ ಅಲೆಗಳು. ಅಲೆ ಪಥವನ್ನು ಮುಟ್ಟುವುದಿಲ್ಲ. ಮಿಲ್ಟನ್ ಫ್ರೀಡ್‌ಮನ್ 1967ರ ಡಿಸೆಂಬರ್‌ನಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣದಲ್ಲಿ ಮಂಡಿಸಿದ ‘ಸಹಜ ನಿರುದ್ಯೋಗ ದರ’ದ ವಾದ ಈ ಚಿತ್ರಕ್ಕೆ ಗಟ್ಟಿ ಚೌಕಟ್ಟು ಹಾಕಿತು: ಬೇಡಿಕೆಯನ್ನು ಹೇಗೇ ಎಳೆದಾಡಿದರೂ ನಿರುದ್ಯೋಗ ಕೊನೆಗೆ ತನ್ನ ಸಹಜ ದರಕ್ಕೇ ಬಂದು ನಿಲ್ಲುತ್ತದೆ. ಹಿಸ್ಟರಿಸಿಸ್ ಎಂಬ ಕಲ್ಪನೆ ಒಡೆಯುವುದು ಈ ಎರಡು ಲೋಕಗಳ ನಡುವಿನ ಗೋಡೆಯನ್ನು. ಬೇಡಿಕೆ ಕುಸಿದು ಬಹುಕಾಲ ಹಾಗೇ ಇದ್ದರೆ ದೀರ್ಘಾವಧಿಯ ಪಥವೇ ಕೆಳಗೆ ಸರಿಯಬಹುದು ಎನ್ನುತ್ತದೆ ಅದು.

ಹೆಸರು ಭೌತಶಾಸ್ತ್ರದ್ದು. 1880ರ ದಶಕದ ಆರಂಭದಲ್ಲಿ ಜೇಮ್ಸ್ ಆಲ್ಫ್ರೆಡ್ ಈವಿಂಗ್ ಕಬ್ಬಿಣದ ಕಾಂತತ್ವವನ್ನು ಅಭ್ಯಸಿಸುವಾಗ ಇದನ್ನು ಬಳಕೆಗೆ ತಂದರು. ಹೊರಗಿನ ಕಾಂತಕ್ಷೇತ್ರ ತೆಗೆದರೂ ಲೋಹದಲ್ಲಿ ಕಾಂತತ್ವ ಉಳಿಯುತ್ತದೆ. ಅದನ್ನು ಸೊನ್ನೆಗೆ ತರಬೇಕಾದರೆ ಕ್ಷೇತ್ರ ಇಲ್ಲವಾದರೆ ಸಾಲದು, ಎದುರು ದಿಕ್ಕಿನಲ್ಲಿ ಕ್ಷೇತ್ರ ಹಾಯಿಸಬೇಕು. ಅರ್ಥಶಾಸ್ತ್ರದಲ್ಲಿ ಎಡ್ಮಂಡ್ ಫೆಲ್ಪ್ಸ್ 1972ರಲ್ಲೇ ಈ ಪದ ಬಳಸಿದ್ದರು. ಚರ್ಚೆ ಕಾವೇರಿದ್ದು ಮಾತ್ರ ಒಲಿವಿಯೆ ಬ್ಲಾಂಷಾರ್ ಮತ್ತು ಲಾರೆನ್ಸ್ ಸಮ್ಮರ್ಸ್ 1986ರಲ್ಲಿ ಯುರೋಪಿನ ನಿರುದ್ಯೋಗದ ಬಗ್ಗೆ ಪ್ರಬಂಧ ಬರೆದ ಮೇಲೆ.

ತಡವಾಗಿ ಮಾಗುವುದು ಬೇರೆ, ಮಾಗದಿರುವುದು ಬೇರೆ

ಇಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗೋಜಲೊಂದಿದೆ. ಆಳವಾದ ಗಾಯ ಮಾಗಲು ತಿಂಗಳುಗಟ್ಟಲೆ ಹಿಡಿಯಬಹುದು. ಬೆರಳೇ ಕತ್ತರಿಸಿಹೋದರೆ ಎಷ್ಟು ಕಾದರೂ ಬೆಳೆಯುವುದಿಲ್ಲ. ಮೊದಲನೆಯದು ಪರ್ಸಿಸ್ಟೆನ್ಸ್, ಎರಡನೆಯದು ಹಿಸ್ಟರಿಸಿಸ್. ಪತ್ರಿಕಾ ಬರಹಗಳಲ್ಲಷ್ಟೇ ಅಲ್ಲ, ಸಂಶೋಧನಾ ಪ್ರಬಂಧಗಳಲ್ಲೂ ಇವೆರಡನ್ನು ಕಲಸಿಹಾಕುವುದುಂಟು.

ಪರ್ಸಿಸ್ಟೆನ್ಸ್ ಅಳೆಯಲು ಒಂದೇ ಅಂಕಿ ಸಾಕು: ಈ ತ್ರೈಮಾಸಿಕದ ಪೆಟ್ಟಿನಲ್ಲಿ ಎಷ್ಟು ಪಾಲು ಮುಂದಿನ ತ್ರೈಮಾಸಿಕಕ್ಕೂ ಉಳಿಯುತ್ತದೆ? ಅದು 0.9 ಆದರೆ ಪೆಟ್ಟು ಅರ್ಧಕ್ಕೆ ಇಳಿಯಲು ಸುಮಾರು 6.6 ತ್ರೈಮಾಸಿಕ, ಅಂದರೆ 20 ತಿಂಗಳು ಬೇಕು. 0.95 ಆದರೆ ಮೂರು ವರ್ಷ ದಾಟುತ್ತದೆ. 0.99 ಆದರೆ 69 ತ್ರೈಮಾಸಿಕ, ಹದಿನೇಳು ವರ್ಷಕ್ಕೂ ಹೆಚ್ಚು. ಸರಿಯಾಗಿ 1 ಆದರೆ ಅರ್ಧ ಆಗುವುದೇ ಇಲ್ಲ, ಪೆಟ್ಟು ಶಾಶ್ವತ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಯೂನಿಟ್ ರೂಟ್ ಎನ್ನುತ್ತಾರೆ.

ತೊಂದರೆ ಇರುವುದು ಇಲ್ಲೇ. 0.99 ಮತ್ತು 1 ಸಿದ್ಧಾಂತದಲ್ಲಿ ಅಜಗಜಾಂತರ, ದತ್ತಾಂಶದಲ್ಲಿ ಅವಳಿಜವಳಿ. ನಲವತ್ತು ಐವತ್ತು ವರ್ಷಗಳ ಅಂಕಿ ಹಿಡಿದು ಇವೆರಡನ್ನು ಬೇರ್ಪಡಿಸುವ ಶಕ್ತಿ ಡಿಕಿ-ಫುಲ್ಲರ್‌ನಂಥ ಪರೀಕ್ಷೆಗಳಿಗಿಲ್ಲ. 1982ರಲ್ಲಿ ನೆಲ್ಸನ್ ಮತ್ತು ಪ್ಲಾಸರ್ ಅಮೆರಿಕದ 14 ಆರ್ಥಿಕ ಅಂಕಿಅಂಶ ಸರಣಿಗಳನ್ನು ಪರೀಕ್ಷೆಗೊಡ್ಡಿದಾಗ 13ರಲ್ಲಿ ಯೂನಿಟ್ ರೂಟ್ ಇಲ್ಲವೆಂದು ಹೇಳಲಾಗಲಿಲ್ಲ. ಹೊರತಾಗಿದ್ದ ಒಂದೇ ಸರಣಿ, ತಮಾಷೆಯೆಂದರೆ, ನಿರುದ್ಯೋಗ ದರ. 1989ರಲ್ಲಿ ಪಿಯೆರ್ ಪೆರಾನ್ 1929ರ ಮಹಾಕುಸಿತ ಮತ್ತು 1973ರ ತೈಲ ಆಘಾತಗಳನ್ನು ಪಥದಲ್ಲೇ ಆದ ಮುರಿತಗಳೆಂದು ಎಣಿಸಿ ನೋಡಿದರು. ಯೂನಿಟ್ ರೂಟ್ ಬಹುತೇಕ ಸರಣಿಗಳಿಂದ ಮಾಯವಾಯಿತು. ಹಾಗಾಗಿ ಪರೀಕ್ಷೆಯೊಂದರ ಫಲಿತಾಂಶ ಹಿಡಿದುಕೊಂಡು ‘ಹಿಸ್ಟರಿಸಿಸ್ ಸಾಬೀತಾಯಿತು’ ಎನ್ನುವವರನ್ನು ನಂಬುವ ಮುನ್ನ ಅವರು ಯಾವ ಮುರಿತಗಳಿಗೆ ಜಾಗ ಕೊಟ್ಟಿದ್ದಾರೆ ಎಂದು ನೋಡಬೇಕು.

ನಾಲ್ಕು ಕಾರ್ಖಾನೆಗಳ ಲೆಕ್ಕ

ನಿಜವಾದ ಹಿಸ್ಟರಿಸಿಸ್ ಯೂನಿಟ್ ರೂಟ್ ಕೂಡ ಅಲ್ಲ ಎಂದು ಹಟ ಹಿಡಿದವರಲ್ಲಿ ಸ್ಕಾಟ್ಲೆಂಡಿನ ರಾಡ್ ಕ್ರಾಸ್ ಪ್ರಮುಖರು. ಕಾಂತತ್ವಕ್ಕಾಗಿ 1935ರಲ್ಲಿ ಪ್ರೈಸಾಕ್ ರೂಪಿಸಿದ ಮಾದರಿಯನ್ನು ಅವರು ಅರ್ಥಶಾಸ್ತ್ರಕ್ಕೆ ತಂದರು. ವ್ಯತ್ಯಾಸ ಎಲ್ಲಿದೆ ಎಂದು ಕೈಯಾರೆ ಲೆಕ್ಕ ಹಾಕಿ ನೋಡಬಹುದು.

ತಲಾ 100 ಕೆಲಸಗಾರರ ನಾಲ್ಕು ಕಾರ್ಖಾನೆಗಳಿವೆ ಎನ್ನಿ. ತೆರೆಯಲು ಖರ್ಚಿದೆ, ಮುಚ್ಚಲೂ ಖರ್ಚಿದೆ. ಆದ್ದರಿಂದ ಪ್ರತಿಯೊಂದಕ್ಕೂ ಎರಡು ಗೆರೆಗಳು: ಬೇಡಿಕೆ ಮೇಲಿನ ಗೆರೆ ಮುಟ್ಟಿದರೆ ತೆರೆಯುತ್ತದೆ, ಕೆಳಗಿನ ಗೆರೆಗೆ ಇಳಿದರೆ ಮುಚ್ಚುತ್ತದೆ, ನಡುವೆ ಇದ್ದರೆ ಮೊದಲು ಹೇಗಿತ್ತೋ ಹಾಗೇ ಇರುತ್ತದೆ. ಮೊದಲನೆಯದು 95ಕ್ಕೆ ತೆರೆದು 85ಕ್ಕೆ ಮುಚ್ಚುತ್ತದೆ. ಎರಡನೆಯದರ ಗೆರೆಗಳು 105 ಮತ್ತು 90. ಮೂರನೆಯದರದ್ದು 110 ಮತ್ತು 80. ನಾಲ್ಕನೆಯದರದ್ದು 115 ಮತ್ತು 70.

ಹಿಂದೊಮ್ಮೆ ಬೇಡಿಕೆ 120ಕ್ಕೆ ಏರಿ ಈಗ 100ರಲ್ಲಿ ನಿಂತಿದೆ. ನಾಲ್ಕೂ ತೆರೆದಿವೆ, ಕೆಲಸಗಾರರು 400. ಬೇಡಿಕೆ 95ಕ್ಕೆ ಇಳಿದು ಮೇಲೆ ಬಂತು: ಏನೂ ಆಗಲಿಲ್ಲ. 88ಕ್ಕೆ ಇಳಿಯಿತು: ಎರಡನೆಯದು ಮುಚ್ಚಿತು, 300 ಉಳಿದರು. ಬೇಡಿಕೆ 100ಕ್ಕೆ ಮರಳಿತು. ಆದರೆ ಎರಡನೆಯದು ತೆರೆಯಲು 105 ಬೇಕು, ಆದ್ದರಿಂದ ಇನ್ನೂ 300. ಈ ಸಲ ಬೇಡಿಕೆ 78ಕ್ಕೆ ಕುಸಿಯಿತು: ಮೊದಲನೆಯದೂ ಮೂರನೆಯದೂ ಮುಚ್ಚಿದವು, ಉಳಿದವರು 100. ಮತ್ತೆ 100ಕ್ಕೆ ಬಂದಾಗ ಮೊದಲನೆಯದು ಮಾತ್ರ ತೆರೆಯಿತು, ಈಗ 200. ಬೇಡಿಕೆ ಅದೇ 100. ಉದ್ಯೋಗ ಮಾತ್ರ ಒಮ್ಮೆ 400, ಒಮ್ಮೆ 300, ಒಮ್ಮೆ 200. ಹಳೆಯ 400ಕ್ಕೆ ಮರಳಲು ಬೇಡಿಕೆ ಹಳೆಯ ಮಟ್ಟಕ್ಕೆ ಬಂದರೆ ಸಾಲದು, 110ನ್ನು ಮುಟ್ಟಬೇಕು.

ಈ ಪುಟ್ಟ ಲೆಕ್ಕದಲ್ಲಿ ಮೂರು ಗುಣಗಳು ಅಡಗಿವೆ. ಸಣ್ಣ ಇಳಿತ ಗುರುತು ಬಿಡುವುದಿಲ್ಲ. ಗೆರೆ ದಾಟಿದ್ದು ಮಾತ್ರ ಬಿಡುತ್ತದೆ. ನೆನಪು ಆಯ್ದ ನೆನಪು: 78ರ ಕುಸಿತ ಬಂದ ಮೇಲೆ ಹಿಂದೆ 88ರದ್ದೊಂದು ಇತ್ತೋ ಇಲ್ಲವೋ ವ್ಯತ್ಯಾಸವಾಗದು, ದೊಡ್ಡದು ಚಿಕ್ಕದನ್ನು ಅಳಿಸಿಹಾಕುತ್ತದೆ. ಇನ್ನು ಮೂರನೆಯದು ನೀತಿಗೆ ಮುಖ್ಯ. ಯೂನಿಟ್ ರೂಟ್ ಮಾದರಿಯಲ್ಲಿ 22ರ ಕುಸಿತವನ್ನು 22ರ ಏರಿಕೆ ಪೂರ್ತಿ ರದ್ದು ಮಾಡುತ್ತದೆ. ಇಲ್ಲಿ ಮಾಡುವುದಿಲ್ಲ. ಬಿದ್ದಷ್ಟೇ ಎತ್ತಿದರೆ ಅರ್ಧ ದಾರಿಯಲ್ಲಿ ನಿಲ್ಲುತ್ತೀರಿ.

ವಿದೇಶ ವ್ಯಾಪಾರದಲ್ಲಿ ಇದನ್ನು ಕಣ್ಣಾರೆ ಕಂಡ ಸಂದರ್ಭವಿದೆ. 1980ರಿಂದ 1985ರ ಆರಂಭದವರೆಗೆ ಡಾಲರ್ ವಿಪರೀತ ಬಲಗೊಂಡಿತು. ಹೊರದೇಶದ ಕಂಪನಿಗಳು ಅಮೆರಿಕದ ಮಾರುಕಟ್ಟೆಗೆ ನುಗ್ಗಿ ಮಾರಾಟ ಜಾಲ, ಸರ್ವಿಸ್ ಕೇಂದ್ರ, ಜಾಹೀರಾತಿಗೆ ಹಣ ಸುರಿದವು. 1985ರ ಫೆಬ್ರವರಿಯ ನಂತರ ಡಾಲರ್ ಇಳಿಯತೊಡಗಿತು, ಸೆಪ್ಟೆಂಬರ್‌ನಲ್ಲಿ ಡಾಲರ್ ಇಳಿಸಲು ಐದು ದೇಶಗಳು ಮಾಡಿಕೊಂಡ ಪ್ಲಾಜಾ ಒಪ್ಪಂದ ಆ ಇಳಿತಕ್ಕೆ ಇನ್ನಷ್ಟು ವೇಗ ಕೊಟ್ಟಿತು. ಆದರೂ ಅಮೆರಿಕದ ವ್ಯಾಪಾರ ಕೊರತೆ 1987ರವರೆಗೂ ಏರುತ್ತಲೇ ಹೋಯಿತು. ಒಮ್ಮೆ ಸುರಿದ ಹಣ ಮರಳಿ ಬರುವುದಿಲ್ಲ. ಆದ್ದರಿಂದ ಒಳಗೆ ಬಂದವರು ಲಾಭ ಕಡಿಮೆಯಾದರೂ ಹೊರಟುಹೋಗಲಿಲ್ಲ. ರಿಚರ್ಡ್ ಬಾಲ್ಡ್‌ವಿನ್, ಪಾಲ್ ಕ್ರುಗ್‌ಮನ್, ಅವಿನಾಶ್ ದೀಕ್ಷಿತ್ 1988-89ರಲ್ಲಿ ಇದರ ಗಣಿತವನ್ನು ಬಿಡಿಸಿಟ್ಟರು. ದೀಕ್ಷಿತ್ ಸೇರಿಸಿದ ಅಂಶ ಸೂಕ್ಷ್ಮವಾದದ್ದು: ಅನಿಶ್ಚಿತತೆ ಹೆಚ್ಚಿದಷ್ಟೂ ಎರಡು ಗೆರೆಗಳ ನಡುವಿನ ಅಂತರ ಅಗಲವಾಗುತ್ತದೆ. ನಾಳೆ ಏನೋ ಎಂಬ ಅಳುಕಿದ್ದಾಗ ಮುಚ್ಚುವವರೂ ಕಾಯುತ್ತಾರೆ, ತೆರೆಯುವವರೂ ಕಾಯುತ್ತಾರೆ.

ಒಳಗಿನವರು, ಹೊರಗಿನವರು

ಈಗ ಯುರೋಪಿನ ಒಗಟಿಗೆ ಬರೋಣ. ಬ್ರಿಟನ್‌ನಲ್ಲಿ ಹಣದುಬ್ಬರ 1980ರಲ್ಲಿ ಶೇ 18ರ ಆಸುಪಾಸು ಇತ್ತು; 1983ಕ್ಕೆ ಶೇ 5ಕ್ಕಿಂತ ಕೆಳಗಿಳಿಯಿತು. ಅದಕ್ಕೆ ತೆತ್ತ ಬೆಲೆಯಾಗಿ ನಿರುದ್ಯೋಗಿಗಳ ಸಂಖ್ಯೆ 1982ರಲ್ಲಿ 30 ಲಕ್ಷ ದಾಟಿತು. ಇಲ್ಲಿಯವರೆಗೆ ಎಲ್ಲವೂ ಪಠ್ಯಪುಸ್ತಕದಂತೆಯೇ. ಮುಂದಿನದು ಹಾಗಲ್ಲ. ಸಹಜ ದರವೆಂದರೆ ಹಣದುಬ್ಬರ ಏರದೆ ಇಳಿಯದೆ ನಿಲ್ಲುವ ಮಟ್ಟ; ನಿರುದ್ಯೋಗ ಅದಕ್ಕಿಂತ ಅಷ್ಟು ಮೇಲೆ ಇದ್ದಷ್ಟು ಕಾಲವೂ ಹಣದುಬ್ಬರ ಇಳಿಯುತ್ತಲೇ ಹೋಗಬೇಕಿತ್ತು. ಹೋಗಲಿಲ್ಲ. ಮುಂದಿನ ನಾಲ್ಕು ವರ್ಷ ಅದು ಶೇ 3 ಮತ್ತು 6ರ ನಡುವೆ ಓಲಾಡುತ್ತ ನಿಂತಿತು, ನಿರುದ್ಯೋಗಿಗಳ ಸಂಖ್ಯೆಯೂ 30 ಲಕ್ಷದ ಸುತ್ತಲೇ ನಿಂತಿತು. ಹಾಗಾದರೆ ಸಹಜ ದರವೇ ವಾಸ್ತವ ದರದ ಬೆನ್ನು ಹತ್ತಿ ಮೇಲೆ ಏರಿರಬೇಕು.

ಎಷ್ಟು ಬೇಗ ಏರಬಹುದು? ಪ್ರತಿ ವರ್ಷ ಸಹಜ ದರ, ತನಗೂ ವಾಸ್ತವ ದರಕ್ಕೂ ಇರುವ ಅಂತರದ ಐದನೇ ಒಂದು ಪಾಲಿನಷ್ಟು ಸರಿಯುತ್ತದೆ ಎಂದು ಇಟ್ಟುಕೊಳ್ಳಿ. ಆರಂಭದಲ್ಲಿ ಸಹಜ ದರ ಶೇ 5, ವಾಸ್ತವ ಶೇ 9. ಒಂದು ವರ್ಷದ ನಂತರ ಸಹಜ ದರ 5.8, ಆಮೇಲೆ 6.4, ಸುಮಾರು 7, ನಾಲ್ಕನೇ ವರ್ಷದ ಕೊನೆಗೆ 7.4. ನಿರುದ್ಯೋಗ ಶೇ 9ರಲ್ಲೇ ಇದೆ, ಆದರೆ ಹಣದುಬ್ಬರವನ್ನು ಕೆಳಗೆ ಒತ್ತುವ ಅಂತರ 4ರಿಂದ 1.6ಕ್ಕೆ ಕುಗ್ಗಿದೆ. ಹಣದುಬ್ಬರವನ್ನೇ ನೋಡುತ್ತ ಕೂತಿರುವ ಕೇಂದ್ರ ಬ್ಯಾಂಕಿಗೆ ‘ಅರ್ಥವ್ಯವಸ್ಥೆಯಲ್ಲಿ ಹೆಚ್ಚಿನ ಸಡಿಲ ಉಳಿದಿಲ್ಲ’ ಎಂದು ತೋರುತ್ತದೆ. ಅದು ಗುರಿ ಇಡುವುದು 7.4ಕ್ಕೆ, ಹಳೆಯ 5 ಯಾರ ಗುರಿಯೂ ಅಲ್ಲ. ನಿರುದ್ಯೋಗ 7.4ಕ್ಕೆ ಬಂದು ಅಲ್ಲೇ ನೆಲೆಯೂರುತ್ತದೆ. ಹಣದುಬ್ಬರದ ಕನ್ನಡಿಯಲ್ಲಿ ಮಾತ್ರ ನೋಡಿದರೆ ಈ ಹಾನಿ ಎಂದೂ ಕಾಣಿಸುವುದಿಲ್ಲ, ಏಕೆಂದರೆ ಹಾನಿಯಾದಷ್ಟೂ ಕನ್ನಡಿ ‘ಎಲ್ಲ ಸರಿಯಾಗಿದೆ’ ಎನ್ನುತ್ತದೆ.

ಸಹಜ ದರ ಹೀಗೆ ಸರಿಯುವುದೇಕೆ? ಬ್ಲಾಂಷಾರ್-ಸಮ್ಮರ್ಸ್ ಕೊಟ್ಟ ಉತ್ತರ ಕೂಲಿ ಮಾತುಕತೆಯದು. ಸಂಬಳ ಚೌಕಾಸಿ ಮಾಡುವವರು ಕೆಲಸದಲ್ಲಿರುವವರು, ಕೆಲಸ ಹುಡುಕುತ್ತಿರುವವರಲ್ಲ. 100 ಸದಸ್ಯರಿದ್ದ ಸಂಘ 100 ಜನಕ್ಕೂ ಕೆಲಸ ಉಳಿಯುವಂಥ ಗರಿಷ್ಠ ಸಂಬಳ ಕೇಳುತ್ತದೆ. ಅನಿರೀಕ್ಷಿತ ಹಿಂಜರಿತದಲ್ಲಿ ಹತ್ತು ಜನ ಹೊರಬಿದ್ದರು. ಮುಂದಿನ ಮಾತುಕತೆಯ ಮೇಜಿನಲ್ಲಿ ಕೂರುವುದು 90 ಜನರ ಸಂಘ, ಅದು ಕೇಳುವುದು 90 ಜನಕ್ಕೆ ಕೆಲಸ ಉಳಿಯುವಂಥ ಗರಿಷ್ಠ ಸಂಬಳ. ಬೇಡಿಕೆ ಚೇತರಿಸಿಕೊಂಡರೆ ಆ ಲಾಭ 90 ಜನರ ಸಂಬಳ ಏರಿಕೆಗೆ ಹೋಗುತ್ತದೆ, ಹೊರಗಿನ ಹತ್ತು ಜನರ ನೇಮಕಕ್ಕಲ್ಲ. ಯಾರೂ ದುಷ್ಟರಲ್ಲ, ಎಲ್ಲರೂ ತಮ್ಮ ಸದಸ್ಯರ ಪರವೇ. ಆದರೂ ಒಂದು ವರ್ಷದ ಅಪಘಾತ ಕಾಯಂ ಆಗಿಬಿಡುತ್ತದೆ.

ಚೆಂದದ ವಿವರಣೆ, ಆದರೆ ಸಂಘಟನೆ ದುರ್ಬಲವಾದ ಕಡೆ ಸಲ್ಲದು. ಅಮೆರಿಕದಲ್ಲಿ ನಿರುದ್ಯೋಗ 1982ರ ಕೊನೆಗೆ ಶೇ 10.8 ಇದ್ದದ್ದು 1989ರ ಹೊತ್ತಿಗೆ ಶೇ 5.3ರ ಆಸುಪಾಸಿಗೆ ಇಳಿದಿತ್ತು. ಸಂಘಗಳ ಹಿಡಿತ ಕಡಿಮೆಯಿದ್ದುದು ಒಂದು ಕಾರಣವಿರಬಹುದು. ಲಾರೆನ್ಸ್ ಬಾಲ್ 1990ರ ದಶಕದಲ್ಲಿ ಎತ್ತಿ ತೋರಿಸಿದ ಕಾರಣ ಬೇರೆ: ಹಿಂಜರಿತ ಬಂದೊಡನೆ ಬಡ್ಡಿದರವನ್ನು ಜೋರಾಗಿ ಇಳಿಸಿದ ದೇಶಗಳಲ್ಲಿ ಸಹಜ ದರ ಅಷ್ಟಾಗಿ ಏರಲಿಲ್ಲ, ಬಿಗಿ ಹಿಡಿದು ಕೂತ ದೇಶಗಳಲ್ಲಿ ಏರಿತು. ನನಗೆ ಬಾಲ್ ವಾದದಲ್ಲೇ ಹೆಚ್ಚು ತೂಕ ಕಾಣುತ್ತದೆ. ಸಂಘದ ಕಥೆ ಹಾನಿ ಹೇಗಾಗುತ್ತದೆ ಎಂದು ಹೇಳುತ್ತದೆ. ಬಾಲ್ ಹೇಳುವುದು ಅದು ಎಷ್ಟು ಕಾಲ ನಡೆಯಲು ಬಿಟ್ಟಿರಿ ಎಂಬುದನ್ನು.

ಕೆಲಸ ಕಳೆದುಕೊಂಡವರಿಗೇ ಆಗುವ ಹಾನಿ ಇನ್ನೊಂದು ದಾರಿ. ಕೈ ಪಳಗಿದ್ದು ಮರೆಯುತ್ತದೆ, ಸಂಪರ್ಕ ಕಡಿಯುತ್ತದೆ, ಅರ್ಜಿಯ ಮೇಲಿನ ಖಾಲಿ ತಿಂಗಳುಗಳೇ ಕಳಂಕವಾಗುತ್ತವೆ. ಕೊನೆಯದನ್ನು ಪ್ರಯೋಗದಿಂದಲೇ ತೋರಿಸಲಾಗಿದೆ. ಕ್ರಾಫ್ಟ್, ಲಾಂಗ್ ಮತ್ತು ನೊಟೊವಿಡಿಗ್ಡೊ 2013ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ ಉದ್ಯೋಗದಾತರಿಗೆ ಸುಮಾರು 12,000 ಕಾಲ್ಪನಿಕ ಅರ್ಜಿಗಳನ್ನು ಕಳಿಸಿದ್ದರು. ಅರ್ಹತೆ ಒಂದೇ ಬಗೆಯದಾಗಿದ್ದರೂ ಕೆಲಸವಿಲ್ಲದ ಅವಧಿ ಬೆಳೆದಂತೆ ಸಂದರ್ಶನಕ್ಕೆ ಕರೆ ಬರುವುದು ತೀವ್ರವಾಗಿ ಇಳಿಯಿತು, ಎಂಟನೇ ತಿಂಗಳ ಸುಮಾರಿಗೆ ತಳ ಹಿಡಿಯಿತು. ಇನ್ನೂ ಗಮನಿಸಬೇಕಾದ ಅಂಶವೊಂದಿದೆ: ಕಾರ್ಮಿಕ ಮಾರುಕಟ್ಟೆ ಬಿಗಿಯಾಗಿದ್ದ, ಅಂದರೆ ಕೆಲಸ ಸುಲಭವಾಗಿ ಸಿಗುತ್ತಿದ್ದ ಊರುಗಳಲ್ಲೇ ಈ ಇಳಿತ ಹೆಚ್ಚು. ಊರಿಗೂರೇ ಕೆಲಸ ಕಳೆದುಕೊಂಡಿದ್ದರೆ ಒಬ್ಬರ ಖಾಲಿ ತಿಂಗಳನ್ನು ಉದ್ಯೋಗದಾತರು ದೋಷವೆಂದು ಓದುವುದಿಲ್ಲ.

ಆದರೆ ಗುರುತು ಬಿಡುವ ಪೆಟ್ಟುಗಳೆಲ್ಲ ಒಂದೇ ಜಾತಿಯವಲ್ಲ. ಹಿಂಜರಿತದ ವರ್ಷದಲ್ಲಿ ಪದವಿ ಮುಗಿಸಿದ ಕೆನಡಾದ ಯುವಕರ ಗಳಿಕೆ ಆರಂಭದಲ್ಲಿ ಶೇ 9ರಷ್ಟು ಕಡಿಮೆಯಿತ್ತು. ಐದು ವರ್ಷಕ್ಕೆ ಕೊರತೆ ಅರ್ಧವಾಗಿ, ಹತ್ತು ವರ್ಷಕ್ಕೆ ಬಹುತೇಕ ಅಳಿದುಹೋಯಿತು. ಇದು ಪರ್ಸಿಸ್ಟೆನ್ಸ್. 1980ರ ದಶಕದಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಂಪನಿ ನೆಲಕಚ್ಚಿದ್ದರಿಂದ ಕೆಲಸ ಕಳೆದುಕೊಂಡ ಹಳೆಯ ನೌಕರರಿಗೆ ಐದಾರು ವರ್ಷ ಕಳೆದರೂ ಗಳಿಕೆಯ ಕಾಲುಭಾಗ ಮರಳಿರಲಿಲ್ಲ, ಮರಳುವ ಲಕ್ಷಣವೂ ಇರಲಿಲ್ಲ. ಎರಡನ್ನೂ ‘ಸ್ಕಾರಿಂಗ್’ (ಗಾಯದ ಕಲೆ) ಎಂಬ ಒಂದೇ ಚೀಲಕ್ಕೆ ತುಂಬಿದರೆ ಯಾರಿಗೆ ಯಾವ ನೆರವು ಬೇಕೆಂಬುದೇ ತಪ್ಪಿಹೋಗುತ್ತದೆ.

ಬಂಡವಾಳ ಮತ್ತು ತಂತ್ರಜ್ಞಾನದ ಕತೆ ಸರಳ. ಹಿಂಜರಿತದಲ್ಲಿ ಹೂಡಿಕೆ ನಿಲ್ಲುತ್ತದೆ, ಸಂಶೋಧನೆಯ ಬಜೆಟ್ ಕತ್ತರಿಗೆ ಸಿಗುತ್ತದೆ, ಹುಟ್ಟಬೇಕಿದ್ದ ಕಂಪನಿಗಳು ಹುಟ್ಟುವುದಿಲ್ಲ. ಕಾರ್ಖಾನೆಯನ್ನು ಆಮೇಲೆ ಕಟ್ಟಬಹುದು. ಆದರೆ ಹೊಸ ವಿಚಾರ ಹಳೆಯ ವಿಚಾರದ ಮೇಲೆ ನಿಲ್ಲುವಂಥದ್ದಾದರೆ, ತಪ್ಪಿದ ವರ್ಷಗಳು ತಪ್ಪಿದಂತೆಯೇ.

ಪುರಾವೆ ಎಷ್ಟು ಗಟ್ಟಿ

2015ರಲ್ಲಿ ಬ್ಲಾಂಷಾರ್, ಚೆರುಟ್ಟಿ ಮತ್ತು ಸಮ್ಮರ್ಸ್ 23 ದೇಶಗಳ ಐವತ್ತು ವರ್ಷಗಳ 122 ಹಿಂಜರಿತಗಳನ್ನು ಒಂದೊಂದಾಗಿ ನೋಡಿದರು. ಸುಮಾರು ಮೂರನೇ ಎರಡು ಭಾಗದಷ್ಟು ಸಂದರ್ಭಗಳಲ್ಲಿ ಉತ್ಪಾದನೆ ಹಳೆಯ ಪಥಕ್ಕಿಂತ ಕೆಳಗೇ ಉಳಿದಿತ್ತು. ಅವುಗಳಲ್ಲಿ ಅರ್ಧದಷ್ಟರಲ್ಲಿ ಬೆಳವಣಿಗೆಯ ವೇಗವೂ ತಗ್ಗಿ, ಅಂತರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಹೋಗಿತ್ತು. 2008ರ ಬಿಕ್ಕಟ್ಟಿನ ನಂತರ 23 ಶ್ರೀಮಂತ ದೇಶಗಳ ಸಂಭಾವ್ಯ ಉತ್ಪಾದನೆ (ಜನ, ಯಂತ್ರಗಳನ್ನು ಸಹಜವಾಗಿ ಪೂರ್ತಿ ಬಳಸಿದರೆ ಬರಬಹುದಾದ ಉತ್ಪಾದನೆ) 2015ರ ಹೊತ್ತಿಗೆ ಸರಾಸರಿ ಶೇ 8.4ರಷ್ಟು ಕುಗ್ಗಿರುತ್ತದೆ ಎಂದು ಬಾಲ್ 2014ರಲ್ಲಿ ಲೆಕ್ಕ ಹಾಕಿದರು. ಆಸ್ಟ್ರೇಲಿಯಾ, ಸ್ವಿಟ್ಜರ್‌ಲೆಂಡ್‌ನಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಗ್ರೀಸ್, ಹಂಗೇರಿ, ಐರ್ಲೆಂಡ್‌ನಲ್ಲಿ ಶೇ 30ಕ್ಕೂ ಮೇಲೆ.

ಇವನ್ನು ಓದಿದೊಡನೆ ತೀರ್ಪು ಕೊಡಬಾರದು. ಕಾರಣ-ಪರಿಣಾಮ ನಾವಂದುಕೊಂಡಂತೆ ಇರದಿರಬಹುದು: ತೈಲ ಆಘಾತವೋ ಬ್ಯಾಂಕ್ ಬಿಕ್ಕಟ್ಟೋ ಹಿಂಜರಿತವನ್ನೂ ತಂದು, ಪ್ರತ್ಯೇಕವಾಗಿ ಪಥವನ್ನೂ ಕೆಳಗಿಳಿಸಿರಬಹುದು. ಮುಂದೆ ಬೆಳವಣಿಗೆ ಕುಂಠಿತವಾಗುತ್ತದೆಂಬ ಅಂದಾಜಿನಿಂದಲೇ ಜನ ಇಂದು ಖರ್ಚು ಕಡಿತ ಮಾಡಿ ಹಿಂಜರಿತ ಬಂದಿರಲೂಬಹುದು. ಇದನ್ನು ಬಿಡಿಸಲು ಬ್ಲಾಂಷಾರ್, ಚೆರುಟ್ಟಿ, ಸಮ್ಮರ್ಸ್ ಒಂದು ಉಪಾಯ ಮಾಡಿದರು: ಹಣದುಬ್ಬರ ಇಳಿಸಲು ಕೇಂದ್ರ ಬ್ಯಾಂಕುಗಳು ಬೇಕೆಂದೇ ತಂದ ಹಿಂಜರಿತಗಳನ್ನು ಬೇರೆ ತೆಗೆದು ನೋಡಿದರು. ಅಲ್ಲಿ ಬೇಡಿಕೆಯ ಹೊರತು ಬೇರೆ ಕಾರಣ ಹುಡುಕುವುದು ಕಷ್ಟ. ಅವುಗಳಲ್ಲೂ ಗಣನೀಯ ಪಾಲು ಹಳೆಯ ಪಥಕ್ಕೆ ಮರಳಿರಲಿಲ್ಲ. ಇಷ್ಟಾದರೂ 2018ರಲ್ಲಿ ಬ್ಲಾಂಷಾರ್ ಸ್ವತಃ ಕೊಟ್ಟ ಸಲಹೆ ಎಚ್ಚರದ್ದು: ಸಹಜ ದರದ ಸಿದ್ಧಾಂತವನ್ನು ಸದ್ಯಕ್ಕೆ ಬಿಡಬೇಡಿ, ಆದರೆ ಬೇರೆ ಸಾಧ್ಯತೆಗೆ ಬಾಗಿಲು ತೆರೆದಿಡಿ.

ಇದಕ್ಕಿಂತ ಜಾರುವ ಜಾಗ ಸಂಭಾವ್ಯ ಉತ್ಪಾದನೆಯ ಅಂದಾಜು. ಅದನ್ನು ಯಾರೂ ಅಳೆಯುವುದಿಲ್ಲ, ಲೆಕ್ಕ ಕಟ್ಟುತ್ತಾರೆ. ಏರಿಳಿತಗಳನ್ನು ಸೋಸಿ ದೀರ್ಘಾವಧಿಯ ಪಥವನ್ನು ಬೇರ್ಪಡಿಸಲು ಹೆಚ್ಚು ಬಳಕೆಯಲ್ಲಿರುವ ಲೆಕ್ಕದ ವಿಧಾನ, ಹಾಡ್ರಿಕ್-ಪ್ರೆಸ್ಕಾಟ್ ಫಿಲ್ಟರ್, ಸರಣಿಯ ಕೊನೆಯ ತುದಿಯಲ್ಲಿ ವಾಸ್ತವ ಜಿಡಿಪಿಯ ಕಡೆಗೇ ವಾಲುತ್ತದೆ. ಹಿಂಜರಿತ ಮೂರು ವರ್ಷ ಎಳೆದರೆ ಫಿಲ್ಟರ್ ‘ಸಾಮರ್ಥ್ಯವೇ ಕುಸಿದಿದೆ’ ಎನ್ನುತ್ತದೆ, ಒಂದು ಯಂತ್ರ ತುಕ್ಕು ಹಿಡಿಯದಿದ್ದರೂ. ಅಧಿಕೃತ ಸಂಸ್ಥೆಗಳ ಅಂದಾಜುಗಳೂ ತಾತ್ಕಾಲಿಕ ಬೇಡಿಕೆಯ ಆಘಾತಕ್ಕೆ ಹೀಗೇ ಕೆಳಗೆ ಸರಿಯುತ್ತವೆ ಎಂದು ಕೊಯ್ಬಿಯನ್, ಗೊರೊಡ್ನಿಚೆಂಕೊ ಮತ್ತು ಉಲಾಟೆ 2018ರಲ್ಲಿ ತೋರಿಸಿದರು. ಅಂದರೆ ‘ಅಂದಾಜು ಇಳಿದಿದೆ’ ಎಂಬುದು ಹಿಸ್ಟರಿಸಿಸ್‌ಗೆ ಪುರಾವೆಯಲ್ಲ. ಬಾಲ್ ಅವರ 8.4ನ್ನೂ ಈ ಎಚ್ಚರದಿಂದಲೇ ಓದಬೇಕು. ವಿಪರ್ಯಾಸವೆಂದರೆ ತಪ್ಪು ಅಂದಾಜೇ ನಿಜವಾಗಿಬಿಡಬಹುದು. ಸಾಮರ್ಥ್ಯ ಕುಸಿದಿದೆ ಎಂದು ಕಂಡರೆ ಬಜೆಟ್ ಕೊರತೆ ತಾತ್ಕಾಲಿಕವಲ್ಲ, ರಾಚನಿಕ (ಹಿಂಜರಿತ ಮುಗಿದರೂ ಉಳಿಯುವಂಥದ್ದು) ಎಂದು ಕಾಣುತ್ತದೆ. 2010ರ ದಶಕದಲ್ಲಿ ಯುರೋಪಿನ ವಿತ್ತೀಯ ನಿಯಮಗಳು ಅಂಥ ಕೊರತೆಗೆ ಖರ್ಚು ಕಡಿತವನ್ನು ಕೇಳುತ್ತಿದ್ದವು. ಕಡಿತದಿಂದ ಜಿಡಿಪಿ ಇನ್ನಷ್ಟು ಇಳಿಯುತ್ತದೆ, ಅಂದಾಜು ಇನ್ನಷ್ಟು ಕೆಳಗೆ ಹೋಗುತ್ತದೆ. ಆಂಟೋನಿಯೊ ಫಟಾಸ್ 2010ರ ನಂತರದ ಯುರೋಪಿನಲ್ಲಿ ಗುರುತಿಸಿದ್ದು ಇದೇ ಸುಳಿಯನ್ನು.

ಫಿಲ್ಟರ್‌ಗಳ ಹಂಗಿಲ್ಲದ ಪುರಾವೆ ಬೇಕೆಂದರೆ ಡ್ಯಾನಿ ಯಾಗನ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಅವರು ನೋಡಿದ್ದು ವ್ಯಕ್ತಿಗಳ ತೆರಿಗೆ ದಾಖಲೆಗಳನ್ನು. 2007-09ರಲ್ಲಿ ಸ್ಥಳೀಯ ನಿರುದ್ಯೋಗ ಒಂದು ಶೇಕಡಾ ಅಂಶ ಹೆಚ್ಚು ಏರಿದ ಕಡೆ ವಾಸವಾಗಿದ್ದವರು 2015ರಲ್ಲಿ ಉದ್ಯೋಗದಲ್ಲಿರುವ ಸಾಧ್ಯತೆ ಸುಮಾರು 0.4 ಅಂಶ ಕಡಿಮೆ. ಅಷ್ಟರಲ್ಲಿ ಆ ಊರುಗಳ ನಿರುದ್ಯೋಗ ದರ ಉಳಿದ ಊರುಗಳ ಸಮಕ್ಕೆ ಬಂದಿತ್ತು. ದರ ಸರಿಹೋಯಿತು, ಜನ ಸರಿಹೋಗಲಿಲ್ಲ: ಹುಡುಕುವುದನ್ನೇ ಬಿಟ್ಟವರು ನಿರುದ್ಯೋಗದ ಲೆಕ್ಕಕ್ಕೆ ಸಿಗುವುದಿಲ್ಲ. ಚೇತರಿಕೆ ಆಗಿದೆಯೇ ಎಂದು ನೋಡುವವರು ನಿರುದ್ಯೋಗ ದರದ ಪಕ್ಕದಲ್ಲಿ 25ರಿಂದ 54 ವಯಸ್ಸಿನವರಲ್ಲಿ ಕೆಲಸ ಮಾಡುತ್ತಿರುವವರ ಪಾಲನ್ನೂ ಇಟ್ಟುಕೊಳ್ಳುವುದು ಇದಕ್ಕೇ.

ಖರ್ಚಿನ ಲೆಕ್ಕ ಬದಲಾಗುವುದು ಹೇಗೆ

ಹಿಸ್ಟರಿಸಿಸ್ ಸ್ವಲ್ಪವೇ ಇದ್ದರೂ ಸರ್ಕಾರಿ ಸಾಲದ ಗಣಿತ ಬದಲಾಗುತ್ತದೆ ಎಂದು ಬ್ರಾಡ್‌ಫೋರ್ಡ್ ಡಿಲಾಂಗ್ ಮತ್ತು ಸಮ್ಮರ್ಸ್ 2012ರಲ್ಲಿ ವಾದಿಸಿದರು. ಅವರ ತರ್ಕವನ್ನು ಸುಲಭದ ಅಂಕಿಗಳಲ್ಲಿ ಹೀಗೆ ನೋಡಬಹುದು. ಆಳದ ಹಿಂಜರಿತದಲ್ಲಿ ಸರ್ಕಾರ 100 ಖರ್ಚು ಮಾಡುತ್ತದೆ, ಉತ್ಪಾದನೆಯೂ 100 ಏರುತ್ತದೆ. ತೆರಿಗೆ ಪಾಲು ಕಾಲುಭಾಗವಾದರೆ 25 ಕೂಡಲೇ ಮರಳುತ್ತದೆ, ಸಾಲ ಏರುವುದು 75. ಬಡ್ಡಿದರ ಬೆಳವಣಿಗೆ ದರಕ್ಕಿಂತ 2 ಅಂಶ ಮೇಲಿದ್ದರೆ ಆ ಸಾಲ, ಜಿಡಿಪಿಗೆ ಹೋಲಿಸಿ ಏರದಂತೆ ಹಿಡಿದಿಡಲು ವರ್ಷಕ್ಕೆ 1.5 ಬೇಕು. ಖರ್ಚು ಹಾನಿಯನ್ನು ತಡೆದಿದ್ದರಿಂದ ಮುಂದಿನ ಉತ್ಪಾದನೆ ಪ್ರತಿ ವರ್ಷ 10ರಷ್ಟು ಹೆಚ್ಚಿದ್ದರೆ ತೆರಿಗೆ 2.5 ಬರುತ್ತದೆ, ಖರ್ಚು ತನ್ನ ಸಾಲವನ್ನು ತಾನೇ ತೀರಿಸಿಕೊಳ್ಳುತ್ತದೆ. ತಡೆದ ಹಾನಿ ಬರೀ 5 ಆದರೆ ತೆರಿಗೆ 1.25, ಸಾಲದು. ಬಡ್ಡಿ-ಬೆಳವಣಿಗೆ ಅಂತರ 1 ಅಂಶಕ್ಕೆ ಇಳಿದರೆ ಅದೂ ಸಾಕಾಗುತ್ತದೆ. ಈ ವಾದವನ್ನು ಎಲ್ಲ ಕಾಲಕ್ಕೂ ಎಳೆಯುವಂತಿಲ್ಲ. ಉದ್ಯೋಗ ತುಂಬಿ ತುಳುಕುತ್ತಿರುವಾಗ 100 ಖರ್ಚಿಗೆ 100 ಉತ್ಪಾದನೆ ಏರುವುದಿಲ್ಲ, ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿ ಅದನ್ನು ನುಂಗಿಹಾಕುತ್ತದೆ.

ಹಾನಿ ಆದ ಮೇಲೆ ಸರಿಪಡಿಸುವುದಕ್ಕಿಂತ ನೌಕರ ಮತ್ತು ಕಂಪನಿಯ ನಡುವಿನ ಕೊಂಡಿ ಕಡಿಯದಂತೆ ನೋಡಿಕೊಳ್ಳುವುದು ಅಗ್ಗ ಎಂಬುದಕ್ಕೆ 2020 ಒಂದು ದೊಡ್ಡ ಪ್ರಯೋಗವಾಯಿತು. ಆ ಏಪ್ರಿಲ್‌ನಲ್ಲಿ ಅಮೆರಿಕದ ನಿರುದ್ಯೋಗ ಶೇ 14.8 ಮುಟ್ಟಿತು, 2009ರ ಗರಿಷ್ಠ ಶೇ 10 ಇತ್ತು. ಆದರೆ ಈ ಸಲ ನಿರುದ್ಯೋಗಿಗಳಲ್ಲಿ ಮುಕ್ಕಾಲಿಗೂ ಹೆಚ್ಚು ಜನ, ಸುಮಾರು 1.8 ಕೋಟಿ, ತಾತ್ಕಾಲಿಕವಾಗಿ ಮನೆಗೆ ಕಳಿಸಲ್ಪಟ್ಟವರು, ಹಳೆಯ ಕೆಲಸಕ್ಕೇ ಮರಳುವ ನಿರೀಕ್ಷೆಯಲ್ಲಿದ್ದವರು. 2022ರ ಜುಲೈಗೆ ದರ ಮತ್ತೆ ಶೇ 3.5. ಅದೇ ಮಟ್ಟಕ್ಕೆ ಇಳಿಯಲು 2009ರ ನಂತರ ಹತ್ತು ವರ್ಷ ಹಿಡಿದಿತ್ತು. ಜರ್ಮನಿಯ ಕುರ್ಟ್‌ಸ್‌ಆರ್ಬೈಟ್ ಮಾಡುವುದೂ ಇದನ್ನೇ: ಕೆಲಸದ ಗಂಟೆ ಕಡಿಮೆಯಾದರೆ ಸಂಬಳದ ಒಂದು ಪಾಲನ್ನು ಸರ್ಕಾರ ತುಂಬಿಕೊಡುತ್ತದೆ, ನೌಕರ ಕಂಪನಿಯ ಪಟ್ಟಿಯಲ್ಲೇ ಉಳಿಯುತ್ತಾನೆ. ಇದರ ದೋಷವೂ ಗೊತ್ತಿರಬೇಕು. ಹೇಗೂ ಮುಚ್ಚಬೇಕಿದ್ದ ಉದ್ದಿಮೆಯಲ್ಲಿ ಜನರನ್ನು ಕಟ್ಟಿಹಾಕಿದರೆ ಅವರು ಬೇರೆ ಕಡೆ ಹೋಗುವುದೇ ತಡವಾಗುತ್ತದೆ. ಪೆಟ್ಟು ತಾತ್ಕಾಲಿಕ ಎಂದು ಖಚಿತವಿದ್ದಾಗ ಇದು ಒಳ್ಳೆಯ ಸಾಧನ, ರಾಚನಿಕ ಬದಲಾವಣೆಗೆ ಕೆಟ್ಟ ಸಾಧನ.

ಕೊಂಡಿ ಆಗಲೇ ಕಡಿದಿದ್ದರೆ? ನಾಲ್ಕು ಕಾರ್ಖಾನೆಗಳ ಲೆಕ್ಕ ಹೇಳುವಂತೆ ಬೇಡಿಕೆಯನ್ನು ಹಳೆಯ ಮಟ್ಟಕ್ಕಿಂತ ಮೇಲೆ ತಳ್ಳಬೇಕು. ಆರ್ಥರ್ ಓಕನ್ 1973ರಲ್ಲಿ ‘ಅಧಿಕ ಒತ್ತಡದ ಅರ್ಥವ್ಯವಸ್ಥೆ’ ಎಂದಿದ್ದು ಅದನ್ನೇ. ಅಮೆರಿಕದ ಕೇಂದ್ರ ಬ್ಯಾಂಕಿನ ಆಗಿನ ಅಧ್ಯಕ್ಷೆ ಜಾನೆಟ್ ಯೆಲೆನ್ 2016ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ನಲ್ಲಿ ಮಾತಾಡುವಾಗ ಅದನ್ನು ಮತ್ತೆ ಚರ್ಚೆಗೆ ತಂದರು. ಜನ ಸಾಲದಾದಾಗ ಉದ್ಯೋಗದಾತರು ಹೊರಗುಳಿದವರನ್ನೂ ಕರೆಯುತ್ತಾರೆ, ತಾವೇ ತರಬೇತಿ ಕೊಡುತ್ತಾರೆ. 2019ರವರೆಗಿನ ಅಮೆರಿಕದಲ್ಲಿ ಹಣದುಬ್ಬರ ಕೆರಳದೆಯೇ ಇದು ಒಂದಷ್ಟು ನಡೆಯಿತು. 2021-22ರಲ್ಲಿ ಪೂರೈಕೆಯ ಅಡಚಣೆಗಳ ಜೊತೆ ಒತ್ತಡವೂ ಸೇರಿ, 2022ರ ಜೂನ್‌ನಲ್ಲಿ ಗ್ರಾಹಕ ಬೆಲೆ ಹಣದುಬ್ಬರ ಶೇ 9.1ಕ್ಕೆ ಏರಿತು. ಮೇಲಿನ ಗೆರೆ ಎಲ್ಲಿದೆ ಎಂದು ಅದನ್ನು ದಾಟುವವರೆಗೆ ತಿಳಿಯುವುದಿಲ್ಲ, ಮತ್ತು ಬೇರೆ ಬೇರೆ ಕಾರ್ಖಾನೆಗಳ ಗೆರೆ ಬೇರೆ ಬೇರೆ ಕಡೆ ಇರುತ್ತದೆ. 105ಕ್ಕೆ ತೆರೆಯುವ ಕಾರ್ಖಾನೆಗೆ ಒತ್ತಡ ಸಾಕಾಗುವಷ್ಟರಲ್ಲಿ ಉಳಿದ ಕಡೆ ಬೆಲೆ ಏರತೊಡಗಿರುತ್ತದೆ. 110ರವರೆಗೆ ಕಾಯುವ ತಾಳ್ಮೆ ಕೇಂದ್ರ ಬ್ಯಾಂಕಿಗೆ ಇರುವುದು ಅಪರೂಪ.